ಕರಗದೆ ಉಳಿದ ಡಾಲರುಗಳು

ಒಂದು ಲೆಕ್ಕದಿಂದ ಆರಂಭಿಸೋಣ. 1903ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ 44,50,000 ಬೆಳ್ಳಿ ಡಾಲರುಗಳು ಅಚ್ಚಾದವು. ನಲವತ್ನಾಲ್ಕೂವರೆ ಲಕ್ಷ! ಇಂಥ ನಾಣ್ಯವನ್ನು ನೀವು ಅಪರೂಪದ್ದೆಂದು ಕರೆಯುತ್ತೀರಾ? ಖಂಡಿತ ಇಲ್ಲ. ಆದರೆ 1962ರವರೆಗೆ ಅಮೆರಿಕದ ನಾಣ್ಯಸಂಗ್ರಾಹಕರು ಇದರ ಹೊಸ ನಾಣ್ಯವೊಂದನ್ನು ನೋಡಲು ಸಿಕ್ಕರೇ ಭಾಗ್ಯವೆಂದು ತಿಳಿದಿದ್ದರು. ಒಂದು ಡಾಲರು ಮುಖಬೆಲೆಯ ಈ ನಾಣ್ಯಕ್ಕೆ, ಕೈಯಿಂದ ಕೈಗೆ ಓಡಾಡದ ಹೊಸ ಸ್ಥಿತಿಯಲ್ಲಿದ್ದರೆ, ಬೆಲೆಪಟ್ಟಿಯಲ್ಲಿ 1500 ಡಾಲರು ಎಂದು ಅಚ್ಚಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಬೆಳ್ಳಿ ಡಾಲರುಗಳಿಗೆ ಬೇಡಿಕೆ ಹೆಚ್ಚಿತು. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ 1929ರಿಂದ ಮೊಹರು ಹಾಕಿಟ್ಟಿದ್ದ ಒಂದು ಭದ್ರಕೋಣೆಯನ್ನು ತೆರೆದರು. ಸಾವಿರ ಸಾವಿರ ನಾಣ್ಯಗಳ ಚೀಲಗಳು ಹೊರಬಂದವು. ಅವುಗಳಲ್ಲಿ 1903ರ ನ್ಯೂ ಆರ್ಲಿಯನ್ಸ್ ಡಾಲರುಗಳ ಚೀಲಗಳೂ ಇದ್ದವು. ಕೆಲವೇ ತಿಂಗಳಲ್ಲಿ ಬೆಲೆ ಐವತ್ತು ಡಾಲರಿಗಿಂತ ಕೆಳಗೆ ಬಿತ್ತು.

ಸಂಗ್ರಾಹಕರು ದಡ್ಡರಾಗಿರಲಿಲ್ಲ. ಟಂಕಸಾಲೆಯ ದಾಖಲೆಯಲ್ಲಿ ನಲವತ್ನಾಲ್ಕೂವರೆ ಲಕ್ಷ ಎಂದಿರುವುದು ಅವರಿಗೂ ಗೊತ್ತಿತ್ತು. ಅವೆಲ್ಲ ಕರಗಿಹೋಗಿವೆ ಎಂದು ಅವರು ನಂಬಿದ್ದರು. ಹಾಗೆ ನಂಬುವುದಕ್ಕೆ ಬಲವಾದ ಕಾರಣವೂ ಇತ್ತು. ಆ ಕಾರಣ ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಅಲ್ಲಿಗೆ ಬರುವ ಮುನ್ನ ಡಾಲರಿನ ಹುಟ್ಟಿನಿಂದ ಹೊರಡಬೇಕು. ಮಾತುಕತೆಯ ಕಾರ್ಯಕ್ರಮದಲ್ಲಿ ಅಂಕಿಗಳು ಪರದೆಯ ಮೇಲೆ ಬಂದು ಮಾಯವಾಗುತ್ತವೆ, ಪುಸ್ತಿಕೆಯಲ್ಲಿ ನಿಲ್ಲುತ್ತವೆ. ಆದ್ದರಿಂದ ಇಲ್ಲಿ ಅಂಕಿಗಳನ್ನು ಸ್ವಲ್ಪ ಧಾರಾಳವಾಗಿಯೇ ಕೊಟ್ಟಿದ್ದೇನೆ. ಪೆನ್ಸಿಲು ಹಿಡಿದು ಓದಿ.

ಸ್ವತಂತ್ರವಾದ ಅಮೆರಿಕ ತನ್ನ ನಾಣ್ಯಗಳಿಗಾಗಿ ಕಾನೂನು ಮಾಡಿದ್ದು 1792ರ ಏಪ್ರಿಲ್ 2ರಂದು. ಅದಕ್ಕೆ ಮುಂಚೆ ಅಲ್ಲಿನ ಜನ ಬಳಸುತ್ತಿದ್ದದ್ದು ಹೆಚ್ಚಾಗಿ ಸ್ಪೇನ್ ದೇಶದ ಬೆಳ್ಳಿ ನಾಣ್ಯ. ಮೆಕ್ಸಿಕೋ, ಪೆರು ದೇಶಗಳ ಗಣಿಗಳಿಂದ ಬಂದ ಬೆಳ್ಳಿಯಲ್ಲಿ ಅಚ್ಚಾದ ಎಂಟು ರಿಯಾಲಿನ ಆ ನಾಣ್ಯವನ್ನು ಜನ ಡಾಲರು ಎಂದೇ ಕರೆಯುತ್ತಿದ್ದರು. ಹೊಸ ದೇಶ ಹೆಸರನ್ನೂ ತೂಕವನ್ನೂ ಅಲ್ಲಿಂದಲೇ ಎತ್ತಿಕೊಂಡಿತು. ಒಂದು ಡಾಲರಿನಲ್ಲಿ 371.25 ಗ್ರೇನ್ ಶುದ್ಧ ಬೆಳ್ಳಿ ಇರಬೇಕು ಎಂದು ಕಾನೂನು ಹೇಳಿತು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟಂಕಸಾಲೆಯ ಮೊದಲ ನಿರ್ದೇಶಕ ಡೇವಿಡ್ ರಿಟನ್‌ಹೌಸ್. ಇವನು ವ್ಯಾಪಾರಿಯಲ್ಲ, ರಾಜಕಾರಣಿಯಲ್ಲ, ಖಗೋಳ ವಿಜ್ಞಾನಿ. 1769ರಲ್ಲಿ ಶುಕ್ರಗ್ರಹ ಸೂರ್ಯಬಿಂಬವನ್ನು ಹಾದುಹೋದದ್ದನ್ನು ತಾನೇ ಮಾಡಿದ ಉಪಕರಣಗಳಿಂದ ವೀಕ್ಷಿಸಿದ್ದವನು. ವಿಜ್ಞಾನ ಓದಿದ ನನ್ನಂಥವರಿಗೆ ಇದು ಖುಷಿ ಕೊಡುವ ಸಂಗತಿ. ಟಂಕಸಾಲೆಯ ಕಟ್ಟಡ ಇನ್ನೂ ಸಿದ್ಧವಾಗಿಲ್ಲದಿದ್ದಾಗ, 1792ರ ಜುಲೈ ತಿಂಗಳಲ್ಲಿ, ಜಾನ್ ಹಾರ್ಪರ್ ಎಂಬ ಗರಗಸ ಮಾಡುವವನ ನೆಲಮಾಳಿಗೆಯಲ್ಲಿ ಸುಮಾರು 1500 ಪುಟ್ಟ ಬೆಳ್ಳಿ ನಾಣ್ಯಗಳನ್ನು ಅಚ್ಚು ಹಾಕಿದರು. ಐದು ಸೆಂಟಿನ ಈ ನಾಣ್ಯದ ಮೊದಲ ಕಂತು ಹೋದದ್ದು ಥಾಮಸ್ ಜೆಫರ್‌ಸನ್ನನ ಕೈಗೆ. ಅವನ ಖರ್ಚಿನ ಪುಸ್ತಕದಲ್ಲಿ ಅದರ ನಮೂದು ಇದೆ.

ಬೆಳ್ಳಿ ಡಾಲರು ಬಂದದ್ದು 1794ರಲ್ಲಿ. ಅಕ್ಟೋಬರ್ 15ರಂದು 1758 ನಾಣ್ಯಗಳು ಟಂಕಸಾಲೆಯಿಂದ ಹೊರಬಿದ್ದವು. ಅವರಲ್ಲಿದ್ದ ಅಚ್ಚಿನ ಯಂತ್ರ ಇಷ್ಟು ದೊಡ್ಡ ನಾಣ್ಯಕ್ಕೆ ಸಾಲದಾಗಿತ್ತು. ಹೀಗಾಗಿ 1794ರ ಡಾಲರುಗಳ ಎಡಬದಿಯ ನಕ್ಷತ್ರಗಳು, ಇಸವಿಯ ಅಂಕಿಗಳು ಮಸುಕಾಗಿಯೇ ಮೂಡಿವೆ. ಇನ್ನೊಂದು ವಿಶೇಷ ನೋಡಿ. ಅಚ್ಚು ಹಾಕುವ ಮೊದಲು ಬಿಲ್ಲೆಗಳನ್ನು ಒಂದೊಂದಾಗಿ ತೂಗುತ್ತಿದ್ದರು. ತೂಕ ಹೆಚ್ಚಿದ್ದರೆ ಅರದಿಂದ ಉಜ್ಜಿ ಇಳಿಸುತ್ತಿದ್ದರು. ಆ ಅರದ ಗೆರೆಗಳು ಇಂದಿಗೂ ಕೆಲವು ನಾಣ್ಯಗಳ ಮೇಲೆ ಕಾಣುತ್ತವೆ. ಗೊತ್ತಿಲ್ಲದವರು ಯಾರೋ ಗೀರಿ ಹಾಳುಮಾಡಿದ್ದಾರೆ ಎಂದುಕೊಳ್ಳುತ್ತಾರೆ. ಗೊತ್ತಿದ್ದವರಿಗೆ ಅದು ಎರಡು ಶತಮಾನದ ಹಿಂದೆ ತಕ್ಕಡಿಯ ಮುಂದೆ ಕುಳಿತವನ ಕೈಕೆಲಸ. 1794ರ ಇಂಥ ಡಾಲರುಗಳಲ್ಲಿ ಅತ್ಯುತ್ತಮ ಸ್ಥಿತಿಯ ಒಂದು ನಾಣ್ಯ 2013ರ ಜನವರಿಯಲ್ಲಿ ಒಂದು ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಹರಾಜಾಯಿತು.

ಆದರೆ ಈ ಡಾಲರು ತನ್ನ ದೇಶದಲ್ಲಿ ನಿಲ್ಲಲಿಲ್ಲ. ಸ್ಪೇನಿನ ಡಾಲರಿನಲ್ಲಿ ಬೆಳ್ಳಿ ಒಂದಿಷ್ಟು ಹೆಚ್ಚು. ಅಮೆರಿಕದ ಡಾಲರು ಹೊಸದಾಗಿ ಹೊಳೆಯುವಂಥದು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಎರಡನ್ನೂ ಸಮವಾಗಿ ಸ್ವೀಕರಿಸುತ್ತಿದ್ದರು. ಚತುರ ವ್ಯಾಪಾರಿಗಳು ಹೊಸ ಡಾಲರು ಕೊಟ್ಟು ಹಳೆಯ ಸ್ಪೇನಿನ ಡಾಲರು ತಂದರು, ಅದನ್ನು ಟಂಕಸಾಲೆಗೆ ಒಪ್ಪಿಸಿ ಇನ್ನಷ್ಟು ಹೊಸ ಡಾಲರು ಮಾಡಿಸಿಕೊಂಡರು. ಸರ್ಕಾರ ಬೆವರು ಸುರಿಸಿ ಅಚ್ಚು ಹಾಕುವುದು, ವ್ಯಾಪಾರಿ ಲಾಭ ಎಣಿಸುವುದು! 1804ರಲ್ಲಿ ಡಾಲರು ಅಚ್ಚಾಗುವುದು ನಿಂತಿತು. ಮತ್ತೆ ಮೂರು ದಶಕ ಅಮೆರಿಕ ತನ್ನ ಹೆಸರಿನ ಮುಖ್ಯ ನಾಣ್ಯವನ್ನೇ ಅಚ್ಚು ಹಾಕಲಿಲ್ಲ.

ಇಲ್ಲೊಂದು ಸ್ವಾರಸ್ಯದ ಕಥೆ ಇದೆ. 1834ರಲ್ಲಿ ಅಮೆರಿಕ ಸರ್ಕಾರ ಎಡ್ಮಂಡ್ ರಾಬರ್ಟ್ಸ್ ಎಂಬ ದೂತನ ಕೈಯಲ್ಲಿ ಮಸ್ಕತ್ತಿನ ಸುಲ್ತಾನನಿಗೂ ಸಯಾಂ ದೇಶದ ರಾಜನಿಗೂ ಉಡುಗೊರೆ ಕಳಿಸಲು ನಿರ್ಧರಿಸಿತು. ಉಡುಗೊರೆಯಲ್ಲಿ ದೇಶದ ಎಲ್ಲ ಬಗೆಯ ನಾಣ್ಯಗಳೂ ಇರಬೇಕು. ಡಾಲರು ಇಲ್ಲವಲ್ಲ! ಟಂಕಸಾಲೆಯವರು ಹಳೆಯ ಲೆಕ್ಕಪುಸ್ತಕ ತೆರೆದರು. ಡಾಲರು ಕೊನೆಯದಾಗಿ ಅಚ್ಚಾದದ್ದು 1804ರಲ್ಲಿ, ಒಟ್ಟು 19,570 ಎಂದಿತ್ತು. ಸರಿ, 1804 ಎಂದು ಇಸವಿ ಕೆತ್ತಿ ಹೊಸದಾಗಿ ನಾಣ್ಯ ಮಾಡಿ ಕಳಿಸಿದರು. ನಿಜವೆಂದರೆ 1804ರಲ್ಲಿ ಅಚ್ಚಾದ ಆ 19,570 ನಾಣ್ಯಗಳ ಮೇಲೆ ಹಿಂದಿನ ವರ್ಷಗಳ ಇಸವಿಯೇ ಇತ್ತು. ಅಚ್ಚು ಸವೆಯುವವರೆಗೆ ಹಳೆಯದನ್ನೇ ಬಳಸುವುದು ಆಗಿನ ಪದ್ಧತಿ. ಹೀಗೆ 1804ರಲ್ಲಿ ಅಚ್ಚಾದ ಡಾಲರಿನ ಮೇಲೆ 1804 ಇಲ್ಲ; 1804 ಎಂದಿರುವ ಡಾಲರು 1804ರಲ್ಲಿ ಅಚ್ಚಾದದ್ದಲ್ಲ. ಆಮೇಲೆ ಟಂಕಸಾಲೆಯಲ್ಲೇ ಗುಟ್ಟಾಗಿ ಮಾಡಿದವೂ ಸೇರಿ ಇಂಥವು ಈಗ ತಿಳಿದಿರುವುದು ಕೆಲವೇ ಕೆಲವು. ಮಸ್ಕತ್ತಿನ ಸುಲ್ತಾನನಿಗೆ ಹೋದದ್ದೆಂದು ಹೇಳುವ ನಾಣ್ಯ 1999ರಲ್ಲಿ 41.4 ಲಕ್ಷ ಡಾಲರಿಗೂ 2021ರಲ್ಲಿ 76.8 ಲಕ್ಷ ಡಾಲರಿಗೂ ಮಾರಾಟವಾಯಿತು. ಸರ್ಕಾರದ ದಾಖಲೆಯನ್ನು ಓದುವುದಕ್ಕೂ ಅರ್ಥ ಮಾಡಿಕೊಳ್ಳುವುದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಗೊತ್ತಿಲ್ಲ.

1859ರಲ್ಲಿ ನೆವಾಡ ಪ್ರಾಂತ್ಯದ ಬೆಟ್ಟಗಳಲ್ಲಿ ಕಾಮ್‌ಸ್ಟಾಕ್ ಎಂಬ ಅದಿರಿನ ಪದರ ಪತ್ತೆಯಾಯಿತು. ಬೆಳ್ಳಿ ಹೊಳೆಯಾಗಿ ಹರಿಯಿತು. ಗಣಿಗಳ ಪಕ್ಕದಲ್ಲೇ, ಕಾರ್ಸನ್ ಸಿಟಿಯಲ್ಲಿ, 1870ರಲ್ಲಿ ಒಂದು ಟಂಕಸಾಲೆ ತೆರೆಯಿತು. ಆದರೆ ಬೆಳ್ಳಿ ಹೆಚ್ಚಿದಂತೆ ಅದರ ಬೆಲೆ ಇಳಿಯುವುದು ಸಹಜ. 1873ರ ಕಾನೂನು ಬೆಳ್ಳಿ ಡಾಲರನ್ನು ಪಟ್ಟಿಯಿಂದಲೇ ತೆಗೆದುಹಾಕಿ, ಚೀನಾ ವ್ಯಾಪಾರಕ್ಕೆಂದು 420 ಗ್ರೇನ್ ತೂಕದ ಪ್ರತ್ಯೇಕ ಡಾಲರಿಗೆ ಮಾತ್ರ ಅವಕಾಶ ಕೊಟ್ಟಿತು. ಚೀನಾದ ವರ್ತಕರು ಬೆಳ್ಳಿಯನ್ನು ಪರೀಕ್ಷಿಸಿ ಅದರ ಮೇಲೆ ತಮ್ಮ ಮುದ್ರೆ ಕುಟ್ಟುತ್ತಿದ್ದರು. ನಮ್ಮ ಚಿನಿವಾರರು ರೂಪಾಯಿಗೆ ಗುರುತು ಹಾಕುತ್ತಿದ್ದ ಹಾಗೆಯೇ. ಹಿಂದೆ ಸಂಗ್ರಾಹಕರು ಮುದ್ರೆ ಬಿದ್ದ ನಾಣ್ಯವನ್ನು ಕೆಟ್ಟದ್ದೆಂದು ಬಿಸಾಡುತ್ತಿದ್ದರು. ಈಗ ಅಂಥವನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ. ನನ್ನ ಮಟ್ಟಿಗೆ, ಮುದ್ರೆ ಇಲ್ಲದ ನಾಣ್ಯಕ್ಕಿಂತ ಮುದ್ರೆ ಇರುವುದೇ ಹೆಚ್ಚು ಮಾತನಾಡುತ್ತದೆ.

ಗಣಿಯ ಒಡೆಯರೂ ಸಾಲದಲ್ಲಿದ್ದ ರೈತರೂ ಸೇರಿ 1873ರ ಕಾನೂನನ್ನು ಅಪರಾಧವೆಂದೇ ಕರೆದು ಗದ್ದಲವೆಬ್ಬಿಸಿದರು. ಅದರ ಫಲವಾಗಿ 1878ರಲ್ಲಿ ಸರ್ಕಾರ ತಿಂಗಳಿಗೆ ಇಪ್ಪತ್ತರಿಂದ ನಲವತ್ತು ಲಕ್ಷ ಡಾಲರು ಬೆಲೆಯ ಬೆಳ್ಳಿ ಕೊಂಡು ನಾಣ್ಯ ಮಾಡಲೇಬೇಕೆಂಬ ಕಾನೂನು ಬಂತು. ಇಂಗ್ಲೆಂಡಿನಿಂದ ಬಂದ ಜಾರ್ಜ್ ಮಾರ್ಗನ್ ಎಂಬ ಕೆತ್ತನೆಗಾರ ಹೊಸ ಡಾಲರನ್ನು ರೂಪಿಸಿದ. ಅದರ ಮೇಲಿರುವ ಸ್ವಾತಂತ್ರ್ಯದೇವಿಯ ಮುಖಕ್ಕೆ ಮಾದರಿಯಾಗಿ ಕುಳಿತವಳು ಆನ್ನಾ ವಿಲಿಯಮ್ಸ್, ಫಿಲಡೆಲ್ಫಿಯಾದ ಒಬ್ಬ ಶಾಲಾ ಉಪಾಧ್ಯಾಯಿನಿ. ಇಂದು ಅಮೆರಿಕದಲ್ಲಿ ಅತಿ ಹೆಚ್ಚು ಜನ ಸಂಗ್ರಹಿಸುವ ಬೆಳ್ಳಿ ನಾಣ್ಯ ಈ ಮಾರ್ಗನ್ ಡಾಲರೇ.

ಆದರೆ ಆ ಕಾಲದ ಜನಕ್ಕೆ ಅದು ಬೇಕಿರಲಿಲ್ಲ! ಒಂದೊಂದೂ 26.73 ಗ್ರಾಂ ತೂಗುವ ನಾಣ್ಯಗಳನ್ನು ಜೇಬಿನಲ್ಲಿ ಹೊರುವವರು ಯಾರು? ಸರ್ಕಾರ ಬೆಳ್ಳಿಯನ್ನು ಭದ್ರಕೋಣೆಯಲ್ಲಿಟ್ಟು ಅದರ ಮೇಲೆ ಕಾಗದದ ನೋಟು ಕೊಟ್ಟಿತು. ಬೇಕೆಂದಾಗ ನೋಟು ಕೊಟ್ಟು ಡಾಲರು ಪಡೆಯಬಹುದು. ಜನ ನೋಟನ್ನೇ ಇಟ್ಟುಕೊಂಡರು. 1878ರಿಂದ 1904ರವರೆಗೆ ಅಚ್ಚಾದ ಸುಮಾರು 57 ಕೋಟಿ ಮಾರ್ಗನ್ ಡಾಲರುಗಳಲ್ಲಿ ಬಹುಪಾಲು ಸಾವಿರದ ಚೀಲಗಳಲ್ಲಿ ಕಟ್ಟಿಸಿಕೊಂಡು ಕತ್ತಲೆಯಲ್ಲಿ ಕುಳಿತವು. ಸೂರ್ಯನ ಬೆಳಕನ್ನೇ ಕಾಣದ ಈ ನಾಣ್ಯರಾಶಿಗೆ ಹದಿನಾಲ್ಕು ವರ್ಷದ ಮೇಲೆ ಗಿರಾಕಿ ಸಿಕ್ಕಿತು. ಆ ಗಿರಾಕಿ ಭಾರತದ ಖಜಾನೆ.

ಮೊದಲನೆಯ ಮಹಾಯುದ್ಧದ ಕಾಲ. ಬ್ರಿಟನ್ನಿಗೆ ಭಾರತದಿಂದ ಸೆಣಬು, ಗೋಧಿ, ಚರ್ಮ, ಬಟ್ಟೆ ಎಡೆಬಿಡದೆ ಹೋಗುತ್ತಿತ್ತು. ಅದಕ್ಕೆ ಇಲ್ಲಿ ರೂಪಾಯಿಯಲ್ಲಿ ಹಣ ಕೊಡಬೇಕು. ನಮ್ಮ ರೈತ ಕಾಗದದ ನೋಟನ್ನು ನಂಬುತ್ತಿರಲಿಲ್ಲ. ಅವನಿಗೆ ಬೆಳ್ಳಿಯ ರೂಪಾಯಿಯೇ ಬೇಕು. ಪ್ರತಿ ನೋಟಿಗೂ ಕೇಳಿದಾಗ ಬೆಳ್ಳಿ ಕೊಡುತ್ತೇವೆಂದು ಸರ್ಕಾರ ಮಾತು ಕೊಟ್ಟಿತ್ತು. ಅತ್ತ ಮೆಕ್ಸಿಕೋದ ಕ್ರಾಂತಿಯಿಂದ ಗಣಿಗಳು ಸೊರಗಿ ಬೆಳ್ಳಿಯ ಬೆಲೆ ಏರುತ್ತಿತ್ತು. 1917ರಲ್ಲಿ ಬೆಲೆ ಎಷ್ಟು ಏರಿತೆಂದರೆ, ರೂಪಾಯಿಯಾಗಿ ಚಲಾಯಿಸುವುದಕ್ಕಿಂತ ಕರಗಿಸಿ ಮಾರುವುದೇ ಲಾಭವಾಯಿತು. ನಾಣ್ಯ ಕರಗಿಸುವುದನ್ನು ಸರ್ಕಾರ ನಿಷೇಧಿಸಿತು. ಬೆಳ್ಳಿ ಉಳಿಸಲು 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟು ತಂದಿತು; 1918ರ ಜನವರಿಯಲ್ಲಿ ಎರಡು ರೂಪಾಯಿ ಎಂಟಾಣೆಯ ವಿಚಿತ್ರ ನೋಟು ತಂದಿತು. ಎರಡಾಣೆ, ನಾಲ್ಕಾಣೆ, ಎಂಟಾಣೆಗಳನ್ನು ಬೆಳ್ಳಿ ಬಿಟ್ಟು ತಾಮ್ರ ನಿಕ್ಕಲ್ ಮಿಶ್ರಲೋಹದಲ್ಲಿ ಮಾಡಿತು.

1918ರ ಮಾರ್ಚಿಯಲ್ಲಿ ಫ್ರಾನ್ಸಿನ ರಣರಂಗದಲ್ಲಿ ಜರ್ಮನರು ಮುನ್ನುಗ್ಗಿದ ಸುದ್ದಿ ಬಂತು. ಬ್ರಿಟಿಷರು ಸೋತರೆ ಅವರ ನೋಟಿನ ಗತಿಯೇನು? ಮುಂಬಯಿಯಲ್ಲೂ ಬೇರೆ ಊರುಗಳಲ್ಲೂ ಜನ ನೋಟು ಹಿಡಿದು ಬೆಳ್ಳಿಗಾಗಿ ಮುತ್ತಿದರು. ಜೂನ್ ಮೊದಲ ವಾರದ ಹೊತ್ತಿಗೆ ಸರ್ಕಾರದ ಕೈಯಲ್ಲಿ ನಾಲ್ಕು ಕೋಟಿಗೆ ಸ್ವಲ್ಪ ಹೆಚ್ಚು ಬೆಳ್ಳಿ ರೂಪಾಯಿಗಳಷ್ಟೇ ಉಳಿದಿದ್ದವು. ಮೂವತ್ತೊಂದು ಕೋಟಿ ಜನರ ದೇಶಕ್ಕೆ! ಕೊಟ್ಟ ಮಾತು ತಪ್ಪಿದ್ದರೆ ಯುದ್ಧದ ನಡುವೆ ಸಾಮ್ರಾಜ್ಯದ ಸಾಲಯೋಗ್ಯತೆಯೇ ಕುಸಿಯುತ್ತಿತ್ತು.

ಬ್ರಿಟನ್ ಅಮೆರಿಕದ ಮುಂದೆ ಕೈಚಾಚಿತು. ಕತ್ತಲೆಯಲ್ಲಿ ಕುಳಿತಿದ್ದ ಡಾಲರಿನ ಚೀಲಗಳು ನೆನಪಾದವು. 1918ರ ಏಪ್ರಿಲ್ 23ರಂದು ಅಮೆರಿಕದಲ್ಲಿ ಒಂದು ಕಾನೂನು ಜಾರಿಗೆ ಬಂತು: 35 ಕೋಟಿಯವರೆಗೆ ಬೆಳ್ಳಿ ಡಾಲರುಗಳನ್ನು ಕರಗಿಸಬಹುದು. ಕಾನೂನು ತಂದವನು ಕೀ ಪಿಟ್‌ಮನ್, ಬೆಳ್ಳಿ ಗಣಿಗಳ ನಾಡಾದ ನೆವಾಡದ ಸೆನೆಟರ್. ಅವನು ಭಾರತಕ್ಕೆ ಕನಿಕರಪಟ್ಟು ಮಾಡಿದನೆಂದು ತಿಳಿಯಬೇಡಿ. ಕರಗಿಸಿದಷ್ಟೇ ಬೆಳ್ಳಿಯನ್ನು ಅಮೆರಿಕದ ಗಣಿಗಳಿಂದ ಔನ್ಸಿಗೆ ಒಂದು ಡಾಲರಿನಂತೆ ಸರ್ಕಾರ ಮತ್ತೆ ಕೊಳ್ಳಲೇಬೇಕೆಂಬ ಮಾತನ್ನೂ ಅದೇ ಕಾನೂನಿನಲ್ಲಿ ಸೇರಿಸಿದ್ದ. ಯುದ್ಧ ಮುಗಿದ ಮೇಲೆ ಪೇಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಇಳಿದರೂ ನೆವಾಡದವರಿಗೆ ಒಂದು ಡಾಲರು ಸಿಗುತ್ತಲೇ ಇತ್ತು. ತನ್ನ ಮತದಾರರನ್ನು ಅವನು ಚೆನ್ನಾಗಿ ಬಲ್ಲವನು.

ಒಟ್ಟು ಕರಗಿದ ಡಾಲರುಗಳು 27,02,32,722. ಇದರಲ್ಲಿ ಭಾರತಕ್ಕೆಂದು ಬ್ರಿಟನ್ನಿಗೆ ಮಾರಿದವು 25,91,21,554. ಈಗ ಪೆನ್ಸಿಲು ತೆಗೆದುಕೊಳ್ಳಿ. ಡಾಲರಿನಲ್ಲಿ ಶುದ್ಧ ಬೆಳ್ಳಿ 371.25 ಗ್ರೇನ್ ಎಂದೆವು. ನಮ್ಮ ರೂಪಾಯಿಯ ತೂಕ ಒಂದು ತೊಲ, ಅಂದರೆ 180 ಗ್ರೇನ್. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 165 ಗ್ರೇನ್. 371.25ನ್ನು 165ರಿಂದ ಭಾಗಿಸಿ. ಶೇಷವಿಲ್ಲದೆ 2.25 ಬರುತ್ತದೆ. ಒಂದು ಡಾಲರು ಕರಗಿದರೆ ಸರಿಯಾಗಿ ಎರಡೂಕಾಲು ರೂಪಾಯಿ! ಯಾರೂ ಯೋಜಿಸದೆ ಹೊಂದಿಕೊಂಡ ಲೆಕ್ಕ ಇದು. ಸವೆತವನ್ನು ಬದಿಗಿಟ್ಟರೆ, ಆ ಡಾಲರುಗಳಿಂದ 58 ಕೋಟಿಗೂ ಹೆಚ್ಚು ರೂಪಾಯಿಗಳಾಗುವಷ್ಟು ಬೆಳ್ಳಿ ಬಂತು. ತಲೆಗೆ ಎರಡು ರೂಪಾಯಿಗೆ ಸ್ವಲ್ಪ ಕಡಿಮೆ. ಮುಂಬಯಿ, ಕಲ್ಕತ್ತೆ ಟಂಕಸಾಲೆಗಳು 1918ರಲ್ಲೂ 1919ರಲ್ಲೂ ವರ್ಷಕ್ಕೆ ನಲವತ್ತು ಕೋಟಿಗೂ ಮೀರಿ ರೂಪಾಯಿ ಅಚ್ಚು ಹಾಕಿದವು. ಜನರ ಮುಂದೆ ಬೆಳ್ಳಿ ಬಂದು ಬಿದ್ದ ಮೇಲೆ ಗಾಬರಿ ಇಳಿಯಿತು.

ನಿಮ್ಮ ಮನೆಯಲ್ಲಿ ಲಕ್ಷ್ಮೀಪೂಜೆಯ ದಿನ ಅಜ್ಜಿಯ ಪೆಟ್ಟಿಗೆಯಿಂದ ಹೊರಬರುವ ಬೆಳ್ಳಿ ರೂಪಾಯಿ ಇದ್ದರೆ ಇಸವಿ ನೋಡಿ. ಐದನೆಯ ಜಾರ್ಜ್ ದೊರೆಯ ಮುಖ, 1918 ಅಥವಾ 1919 ಎಂದಿದ್ದರೆ, ಅದರೊಳಗೆ ನೆವಾಡದ ಗಣಿಯಿಂದ ಬಂದು, ಶಾಲಾ ಉಪಾಧ್ಯಾಯಿನಿಯ ಮುಖ ಹೊತ್ತು, ಮೂಸೆಯಲ್ಲಿ ಕರಗಿ ಬಂದ ಬೆಳ್ಳಿ ಇರಬಹುದು. ಲಂಬಾಣಿ ಹೆಣ್ಣುಮಕ್ಕಳ ಹಾರಗಳಲ್ಲಿ ಪೋಣಿಸಿದ ಹಳೆಯ ರೂಪಾಯಿಗಳ ಮಾತೂ ಅಷ್ಟೇ. ಇರಬಹುದು ಎಂದಷ್ಟೇ ಹೇಳಬೇಕು. ಕರಗಿದ ಬೆಳ್ಳಿಗೆ ಹಿಂದಿನ ಜನ್ಮದ ಗುರುತು ಇರುವುದಿಲ್ಲ.

ಗುರುತಿಲ್ಲದ ಈ ಮಾತೇ ಅಮೆರಿಕದ ಸಂಗ್ರಾಹಕರನ್ನು ಕಾಡಿದ್ದು. ಯಾವ ಇಸವಿಯ, ಯಾವ ಟಂಕಸಾಲೆಯ ಡಾಲರುಗಳು ಎಷ್ಟು ಕರಗಿದವು ಎಂದು ಯಾರೂ ಬರೆದಿಡಲಿಲ್ಲ. ಚೀಲ ತಂದರು, ತೂಗಿದರು, ಮೂಸೆಗೆ ಸುರಿದರು. ಅಲ್ಲಿಯವರೆಗೆ ಅಚ್ಚಾದ ಮಾರ್ಗನ್ ಡಾಲರುಗಳಲ್ಲಿ ಸುಮಾರು ಅರ್ಧದಷ್ಟು ಹೀಗೆ ಹೋಯಿತು. ಅಂದಿನಿಂದ ಟಂಕಸಾಲೆಯ ಪುಸ್ತಕದ ಅಂಕಿ ಅಚ್ಚಾದದ್ದನ್ನು ಹೇಳುತ್ತದೆಯೇ ಹೊರತು ಉಳಿದದ್ದನ್ನಲ್ಲ. 1903ರ ನ್ಯೂ ಆರ್ಲಿಯನ್ಸ್ ಡಾಲರು ಎಲ್ಲೂ ಕಾಣಿಸದಿದ್ದಾಗ, ಅದು ಕರಗಿತೆಂದು ಊಹಿಸಿದ್ದು ಇದರಿಂದಲೇ. ಕಣ್ಮರೆಯಾದದ್ದೆಲ್ಲ ನಾಶವಾಗಿರಬೇಕಿಲ್ಲ ಎಂಬುದು 1962ರಲ್ಲಿ ಗೊತ್ತಾಯಿತು.

ಮತ್ತೆರಡು ಉದಾಹರಣೆ ನೋಡಿ. ಕಾರ್ಸನ್ ಸಿಟಿಯಲ್ಲಿ 1884ರಲ್ಲಿ 11,36,000 ಡಾಲರುಗಳು ಅಚ್ಚಾದವು. 1964ರಲ್ಲಿ ಖಜಾನೆಯವರು ಉಳಿದ ಚೀಲಗಳನ್ನು ಎಣಿಸಿದಾಗ ಅವುಗಳಲ್ಲಿ 9,62,000ಕ್ಕೂ ಹೆಚ್ಚು ಹೊಸದಾಗಿಯೇ ಸಿಕ್ಕವು. ನೂರರಲ್ಲಿ ಎಂಬತ್ತನಾಲ್ಕು! ಅದೇ ಊರಿನಲ್ಲಿ 1889ರಲ್ಲಿ 3,50,000 ಅಚ್ಚಾಗಿದ್ದವು. ಅವುಗಳಲ್ಲಿ ಸಿಕ್ಕದ್ದು ಎಷ್ಟು ಗೊತ್ತೆ? ಒಂದೇ ಒಂದು. ಇನ್ನು 1895ರ ಫಿಲಡೆಲ್ಫಿಯಾ ಡಾಲರು. ದಾಖಲೆಯಲ್ಲಿ 12,000 ಸಾಮಾನ್ಯ ನಾಣ್ಯಗಳೂ ಸಂಗ್ರಾಹಕರಿಗೆಂದು ವಿಶೇಷವಾಗಿ ಹೊಳಪು ಕೊಟ್ಟು ಮಾಡಿದ 880 ನಾಣ್ಯಗಳೂ ಇವೆ. ಆ 12,000ದಲ್ಲಿ ಒಂದೂ ಈವರೆಗೆ ಕಂಡಿಲ್ಲ. ಕರಗಿದವೆ, ಅಥವಾ ಆ ನಮೂದೇ ತಪ್ಪೆ? ಚರ್ಚೆ ಇಂದಿಗೂ ನಡೆದಿದೆ.

ಪಿಟ್‌ಮನ್ ಕಾನೂನಿನ ಪ್ರಕಾರ ಕರಗಿದಷ್ಟು ಡಾಲರುಗಳನ್ನು ಮತ್ತೆ ಅಚ್ಚು ಹಾಕಬೇಕಿತ್ತು. 1921ರಲ್ಲಿ ಮಾರ್ಗನ್ ಡಾಲರು ಕೋಟಿಗಟ್ಟಲೆ ಹೊರಬಂತು. ಆ ವರ್ಷದ ಡಿಸೆಂಬರಿನಲ್ಲಿ ಯುದ್ಧ ಮುಗಿದ ನೆನಪಿಗೆ ಶಾಂತಿಯ ಡಾಲರು ಬಂತು. ಅದರ ಶಿಲ್ಪಿ ಆಂಟನಿ ಡಿ ಫ್ರಾನ್ಸಿಸ್ಕಿ. ಮುಖಕ್ಕೆ ಮಾದರಿ ಅವನ ಹೆಂಡತಿ ತೆರೆಸಾ. ಅದು 1935ರವರೆಗೆ ನಡುನಡುವೆ ನಿಂತು ಅಚ್ಚಾಯಿತು. ಹಾಗೆ ನೋಡಿದರೆ ಶಾಂತಿಯ ಡಾಲರು ಹುಟ್ಟಿದ್ದಕ್ಕೂ ನಮ್ಮ ರೂಪಾಯಿಯ ಬಿಕ್ಕಟ್ಟೇ ಒಂದು ಕಾರಣ.

1960ರ ದಶಕದಲ್ಲಿ ಬೆಳ್ಳಿಯ ಬೆಲೆ ಮತ್ತೆ ಏರಿದಾಗ ವಾಷಿಂಗ್ಟನ್ನಿನ ಖಜಾನೆಯ ಮುಂದೆ ಜನ ನೋಟು ಕೊಟ್ಟು ಡಾಲರು ಪಡೆಯಲು ಸಾಲುಗಟ್ಟಿದರು. 1964ರ ಮಾರ್ಚಿಯಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 1965ರ ಕಾನೂನು ಹತ್ತು ಸೆಂಟು, ಇಪ್ಪತ್ತೈದು ಸೆಂಟುಗಳಿಂದ ಬೆಳ್ಳಿಯನ್ನು ಪೂರ್ತಿ ತೆಗೆಯಿತು. ಅರ್ಧ ಡಾಲರಿನಲ್ಲಿ 1970ರವರೆಗೆ ನೂರಕ್ಕೆ ನಲವತ್ತು ಪಾಲು ಉಳಿಯಿತು. ಖಜಾನೆಯಲ್ಲಿ ಉಳಿದಿದ್ದ ಸುಮಾರು ಇಪ್ಪತ್ತೊಂಬತ್ತು ಲಕ್ಷ ಡಾಲರುಗಳನ್ನು, ಬಹುತೇಕ ಕಾರ್ಸನ್ ಸಿಟಿಯವು, 1972ರಿಂದ 1980ರೊಳಗೆ ಕಂತು ಕಂತಾಗಿ ಸಾರ್ವಜನಿಕರಿಗೆ ಮಾರಿದರು. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ ಐವತ್ತು ಡಾಲರಿನ ಹತ್ತಿರಕ್ಕೆ ಹೋದಾಗ ಜನ ತಮ್ಮ ಕೈಯಿಂದಲೇ ಅಸಂಖ್ಯ ಹಳೆಯ ನಾಣ್ಯಗಳನ್ನು ಮೂಸೆಗೆ ಹಾಕಿದರು. ಅದಕ್ಕೂ ಲೆಕ್ಕ ಬರೆದಿಟ್ಟವರಿಲ್ಲ.

ಈಗ ಕೈಗೊಂದು ನಾಣ್ಯ ಬಂದರೆ ಅದನ್ನು ನೋಡುವುದು ಹೇಗೆ ಎಂದು ನೀವು ಕೇಳಬಹುದು. ಮೊದಲು ಬೆಳಕು. ಸ್ಟುಡಿಯೋದಲ್ಲಿ ಬೆಳ್ಳಿ ನಾಣ್ಯ ತೋರಿಸುವುದು ತಲೆನೋವಿನ ಕೆಲಸ. ನೇರ ಬೆಳಕು ಬಿಟ್ಟರೆ ಕ್ಯಾಮರಾಗೆ ಬರೀ ಹೊಳಪು ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ದೀಪವನ್ನು ಒಂದು ಪಕ್ಕಕ್ಕೆ ಇಳಿಸಿ, ಬೆಳಕು ನಾಣ್ಯದ ಮೈ ಸವರಿ ಹೋಗುವಂತೆ ಮಾಡಬೇಕು. ಆಗ ಉಬ್ಬುಗಳಿಗೆ ನೆರಳು ಬೀಳುತ್ತದೆ. ನೀವೂ ಓದುವ ಮೇಜಿನ ದೀಪದಲ್ಲಿ ಹಾಗೇ ಮಾಡಿ. ಮಾರ್ಗನ್ ಡಾಲರಿನಲ್ಲಿ ಮೊದಲು ಸವೆಯುವುದು ದೇವಿಯ ಕಿವಿಯ ಮೇಲಿನ ಕೂದಲು, ಹಿಂಬದಿಯಲ್ಲಿ ಹದ್ದಿನ ಎದೆ. ಹಿಂಬದಿಯ ಎಲೆಮಾಲೆಯ ಕೆಳಗೆ ಟಂಕಸಾಲೆಯ ಗುರುತು ಹುಡುಕಿ: ಕಾರ್ಸನ್ ಸಿಟಿಗೆ ಸಿ ಅಕ್ಷರ ಎರಡು, ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್, ನ್ಯೂ ಆರ್ಲಿಯನ್ಸ್‌ಗೆ ಓ, ಡೆನ್ವರ್‌ಗೆ ಡಿ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ.

ಈ ಪುಟ್ಟ ಅಕ್ಷರದಲ್ಲೇ ಮೋಸವೂ ಇದೆ. 1893ರ ಸ್ಯಾನ್ ಫ್ರಾನ್ಸಿಸ್ಕೋ ಡಾಲರು ಒಂದು ಲಕ್ಷವಷ್ಟೇ ಅಚ್ಚಾದದ್ದರಿಂದ ಬಹಳ ಬೆಲೆಯದು. ಅಗ್ಗದ ನಾಣ್ಯಕ್ಕೆ ಎಸ್ ಅಕ್ಷರ ಅಂಟಿಸಿ ಮಾರುವವರು ಹಿಂದಿನಿಂದಲೂ ಇದ್ದಾರೆ. ಇಡೀ ನಾಣ್ಯವನ್ನೇ ಬೇರೆ ಲೋಹದಲ್ಲಿ ಮಾಡಿದ ನಕಲಿಗಳೂ ಪೇಟೆಯಲ್ಲಿ ಬೇಕಾದಷ್ಟಿವೆ. ಅಂಟಿಸಿದ ಅಕ್ಷರ ಕಂಡುಹಿಡಿಯಲು ಒಳ್ಳೆಯ ಭೂತಗನ್ನಡಿ ಬೇಕು. ಲೋಹದ ನಕಲಿಗೆ ನಿಮ್ಮ ಕಾಲೇಜಿನ ಪ್ರಯೋಗಶಾಲೆಯೇ ಸಾಕು. ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96. ನೂರಕ್ಕೆ ತೊಂಬತ್ತು ಬೆಳ್ಳಿ, ಹತ್ತು ತಾಮ್ರ ಸೇರಿದ ಡಾಲರಿನದು 10.3ರ ಹತ್ತಿರ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ದಾರದ ಕುಣಿಕೆ ಹಾಕಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ತಕ್ಕಡಿ ಸುಮಾರು 2.6 ಗ್ರಾಂ ತೋರಿಸಬೇಕು. ತಾಮ್ರ ನಿಕ್ಕಲ್‌ನ ನಕಲಿಯಾದರೆ 3 ಗ್ರಾಂ ತೋರಿಸುತ್ತದೆ. ಆರ್ಕಿಮಿಡೀಸ್ ತತ್ತ್ವವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಗೆ ಅದರ ಬೆಲೆ ಇಲ್ಲಿ ತಿಳಿಯುತ್ತದೆ. ಅಜ್ಜಿಯ ರೂಪಾಯಿಯಲ್ಲಿ ಮೊದಲು ಮಾಡಿ ನೋಡಿ: 11.66 ಗ್ರಾಂ ತೂಕಕ್ಕೆ 1.13 ಗ್ರಾಂ ಬರಬೇಕು; ಸವೆದಿದ್ದರೆ ಎರಡೂ ಅದೇ ಪ್ರಮಾಣದಲ್ಲಿ ಕಡಿಮೆ.

ಹಾಂ, ನೀರಿನಿಂದ ತೆಗೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ, ಉಜ್ಜಬೇಡಿ. ವಿಭೂತಿ, ಹಲ್ಲುಪುಡಿ, ಹುಣಸೆಹಣ್ಣು ಯಾವುದನ್ನೂ ಹತ್ತಿರ ತರಬೇಡಿ. ಹಳೆಯ ಬೆಳ್ಳಿಯ ಮೇಲಿನ ಕಂದು, ನೀಲಿ ಬಣ್ಣ ಗಾಳಿಯಲ್ಲಿನ ಗಂಧಕದ ಜೊತೆ ಕೂಡಿ ಆದ ಬೆಳ್ಳಿ ಸಲ್ಫೈಡಿನ ಪದರ. ಅದು ಕೊಳೆಯಲ್ಲ. ಅದನ್ನು ಉಜ್ಜಿದರೆ ನಾಣ್ಯದ ಮೇಲ್ಮೈಯ ಬೆಳ್ಳಿಯೇ ಹೋಗುತ್ತದೆ. ನೂರು ಡಾಲರಿನ ನಾಣ್ಯ ಕರಗಿಸುವ ಬೆಲೆಗೆ ಇಳಿಯುತ್ತದೆ.

ಕಡಿಮೆ ಖರ್ಚಿನಲ್ಲಿ ಆರಂಭಿಸುವವರಿಗೆ ಮಾರ್ಗನ್ ಡಾಲರೇ ಬೇಕಿಲ್ಲ. ವಿದೇಶದಲ್ಲಿರುವ ಬಂಧುಗಳು ತಂದ ಚಿಲ್ಲರೆಯಲ್ಲಿ 1964 ಅಥವಾ ಅದಕ್ಕೂ ಹಿಂದಿನ ಹತ್ತು, ಇಪ್ಪತ್ತೈದು, ಐವತ್ತು ಸೆಂಟುಗಳಿದ್ದರೆ ಅವು ಬೆಳ್ಳಿಯವು. 1942ರಿಂದ 1945ರವರೆಗಿನ ಐದು ಸೆಂಟಿನಲ್ಲಿ ಕಟ್ಟಡದ ಗುಮ್ಮಟದ ಮೇಲೆ ದೊಡ್ಡ ಅಕ್ಷರವಿದ್ದರೆ ಅದು ಯುದ್ಧಕಾಲದ್ದು. ನಿಕ್ಕಲ್ ಯುದ್ಧಸಾಮಗ್ರಿಗೆ ಬೇಕಾಗಿ ಅದರ ಬದಲು ನೂರಕ್ಕೆ 35 ಪಾಲು ಬೆಳ್ಳಿ ಸೇರಿಸಿದ್ದರು. 2021ರಲ್ಲಿ ಅಮೆರಿಕದ ಟಂಕಸಾಲೆ ಸಂಗ್ರಾಹಕರಿಗೆಂದು ಮಾರ್ಗನ್ ಡಾಲರನ್ನು ಮತ್ತೆ ಅಚ್ಚು ಹಾಕಿತು, ಅದು 99.9 ಪಾಲು ಬೆಳ್ಳಿ, ಹಳೆಯದರ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಇನ್ನೊಂದು ಎಚ್ಚರಿಕೆ: ಪತ್ರಮಿತ್ರರೊಡನೆ ನಾಣ್ಯ ವಿನಿಮಯ ಮಾಡುವ ಆಸೆಯಿಂದ ಅಜ್ಜಿಯ 1918ರ ರೂಪಾಯಿಯನ್ನು ಅಮೆರಿಕಕ್ಕೆ ಕಳಿಸಬೇಡಿ. 1972ರ ಪುರಾತನ ವಸ್ತುಗಳ ಕಾನೂನಿನಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಕೊನೆಯದಾಗಿ ಒಂದು ನಾಣ್ಯದ ವಿಷಯ. 1965ರ ಮೇ ತಿಂಗಳಲ್ಲಿ ಡೆನ್ವರ್ ಟಂಕಸಾಲೆಯಲ್ಲಿ 1964 ಎಂಬ ಇಸವಿ ಹಾಕಿ 3,16,076 ಶಾಂತಿಯ ಡಾಲರುಗಳನ್ನು ಅಚ್ಚು ಹಾಕಿದರು. ಬೆಳ್ಳಿಯ ಅಭಾವದ ಕಾಲದಲ್ಲಿ ಇದೇನು ದುಂದು ಎಂಬ ಟೀಕೆ ಬಂದು, ಬಿಡುಗಡೆ ಮಾಡದೆಯೇ ಎಲ್ಲವನ್ನೂ ಕರಗಿಸಿದರು. ಈ ಸಲ ಲೆಕ್ಕ ಇಟ್ಟಿದ್ದಾರೆ. ಒಂದೂ ಉಳಿದಿಲ್ಲ ಎಂಬುದು ಸರ್ಕಾರದ ಮಾತು. ಯಾರ ಬಳಿಯಾದರೂ ಇದ್ದರೆ ಅದು ಕದ್ದ ಮಾಲು, ಸಿಕ್ಕಿದರೆ ಜಪ್ತಿ. ಆದರೂ ಎಲ್ಲೋ ಒಂದು ಉಳಿದಿದೆ ಎಂಬ ಮಾತು ಸಂಗ್ರಾಹಕರ ಬಾಯಲ್ಲಿ ಇಂದಿಗೂ ಕೇಳುತ್ತದೆ, 1962ರಲ್ಲಿ ತೆರೆದ ಆ ಭದ್ರಕೋಣೆಯನ್ನು ಅವರು ಮರೆತಿಲ್ಲ.